ಗೆಳೆಯನ ತೋಳಿನ ಅಳತೆಗೆ ಒಂದು ಬಿಲ್ಲು

(ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಲ್ಲಿ ವಿದ್ಯಾರ್ಥಿಗಳು ಮತ್ತು ಊರಿನವರ ಮುಂದೆ ಆಡಿದ ಮಾತಿನ ಬರಹರೂಪ)



ಇಂದಿನ ಮಾತಿಗೆ ವಿಷಯವನ್ನು ನೀವೇ ಕೊಟ್ಟಿದ್ದೀರಿ. ನಿಮ್ಮಲ್ಲಿ ಒಬ್ಬ ಹುಡುಗನಿಗೆ ಬಿಲ್ವಿದ್ಯೆ ಕಲಿಯುತ್ತಿರುವ ಗೆಳೆಯನಿದ್ದಾನಂತೆ. ಅವನಿಗೆ ಅಂಗಡಿಯಿಂದ ತಂದದ್ದಲ್ಲ, ತಾನೇ ಕೂತು ಕೆತ್ತಿದ ಮರದ ಬಿಲ್ಲೊಂದನ್ನು ಉಡುಗೊರೆ ಕೊಡಬೇಕೆಂಬ ಆಸೆ. ‘ಹಿಂದೆ ಹೇಗೆ ಮಾಡುತ್ತಿದ್ದರು, ಈಗಲೂ ಮಾಡಬಹುದೆ?’ ಎಂಬುದು ಅವನ ಪ್ರಶ್ನೆ. ನಾನು ಪತ್ರಿಕೆಯ ವರದಿಗಾರ. ಬಡಗಿಯೂ ಅಲ್ಲ, ಬಿಲ್ಲೋಜನೂ ಅಲ್ಲ. ಬಿಲ್ಲೋಜ ಎಂದರೆ ಬಿಲ್ವಿದ್ಯೆಯ ಗುರು. ಹಳಗನ್ನಡ ಓದಿದವರಿಗೆ ಈ ಹೆಸರು ಕೇಳುತ್ತಲೇ ದ್ರೋಣ ನೆನಪಾಗುತ್ತಾನೆ. ಓದಿ, ಕೇಳಿ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಬಿಲ್ಲು ನಮಗೆ ಅಪರಿಚಿತ ವಸ್ತುವಲ್ಲ. ಅದರ ಅಂಗಾಂಗಕ್ಕೆಲ್ಲ ಕನ್ನಡದಲ್ಲಿ ಹೆಸರಿದೆ. ಕಟ್ಟುವ ಹುರಿ ಹೆದೆ. ಹೆದೆ ಸಿಕ್ಕಿಸುವ ತುದಿ ಕೊಪ್ಪು. ಬಾಣದ ಗರಿಯಿರುವ ಹಿಂಬದಿ ಹಿಳುಕು. ಬಾಣ ತುಂಬುವುದು ಬತ್ತಳಿಕೆ. ಇಷ್ಟೆಲ್ಲ ಮಾತು ಉಳಿದಿರುವ ಭಾಷೆಯಲ್ಲಿ ವಸ್ತು ಮಾತ್ರ ಕಣ್ಣಿಗೆ ಬೀಳುವುದು ಅಪರೂಪವಾಗಿದೆ. ಆದರೆ ಅದರ ಆಕಾರ ಎಲ್ಲೂ ಹೋಗಲಿಲ್ಲ. ನಮ್ಮದು ಹತ್ತಿ ಬೆಳೆದ ಸೀಮೆ. ಹಾಸಿಗೆಗೆ ಹತ್ತಿ ಹಿಂಜುವ ಪಿಂಜಾರರು ಬಿಲ್ಲನ್ನು ಹೆಗಲಿಗೇರಿಸಿ ಬೀದಿಯಲ್ಲಿ ಬರುತ್ತಿದ್ದುದನ್ನು, ಬಿಗಿದ ಹೆದೆಯನ್ನು ಮರದ ಕೊಡತಿಯಿಂದ ಮೀಟಿದಾಗ ಏಳುತ್ತಿದ್ದ ಆ ಟೊಂಯ್ ಶಬ್ದವನ್ನು ಇಲ್ಲಿರುವ ಹಿರಿಯರು ಮರೆತಿರಲಾರರು. ಹಳೆಯ ಕಾಲದ ಬಡಗಿ ತೂತು ಕೊರೆಯುವ ಬೈರಿಗೆಯನ್ನು ತಿರುಗಿಸುತ್ತಿದ್ದುದೂ ಒಂದು ಸಣ್ಣ ಬಿಲ್ಲಿನಿಂದಲೇ. ಬಯಲಾಟದ ಅರ್ಜುನನ ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಬಿಲ್ಲು ಇದ್ದೇ ಇರುತ್ತದೆ. ಅದರಿಂದ ಬಾಣ ಹಾರುವುದಿಲ್ಲ, ಅಷ್ಟೇ.

ಬಾಣ ಹಾರಿಸುವ ಬಿಲ್ಲು ಎಲ್ಲಿ ಹೋಯಿತು? ನಮ್ಮ ಜಿಲ್ಲೆಯಲ್ಲಿ ನಿಂತು ಕೇಳುವುದಾದರೆ ಈ ಪ್ರಶ್ನೆಗೆ ತೂಕವಿದೆ. 1568ರಲ್ಲಿ ತಿಮ್ಮಣ್ಣ ನಾಯಕನಿಂದ ಆರಂಭವಾದ ದುರ್ಗದ ಪಾಳೆಯಗಾರರ ಆಳ್ವಿಕೆ 1779ರಲ್ಲಿ ಹೈದರಾಲಿ ಕೋಟೆ ಹಿಡಿಯುವವರೆಗೆ ನಡೆಯಿತು. ಅದರ ಬೆನ್ನೆಲುಬಾಗಿದ್ದವರು ಬೇಟೆಯ ಕಸುಬಿನ ಬೇಡರು. ಕೋಟೆ ಬಿದ್ದ ಮೇಲೆ ಹೈದರ್ ಇಲ್ಲಿಂದ ಸಾವಿರಾರು ಜನರನ್ನು ಶ್ರೀರಂಗಪಟ್ಟಣದ ಕಡೆಗೆ ಸಾಗಿಸಿ, ಅವರ ಹುಡುಗರನ್ನು ‘ಚೇಲಾ’ ಎಂಬ ಪಡೆಗಳಾಗಿ ಕಟ್ಟಿದನೆಂದು ಮೈಸೂರಿನ ಚರಿತ್ರೆ ಬರೆದ ವಿಲ್ಕ್ಸ್ ದಾಖಲಿಸಿದ್ದಾನೆ. ಆ ವೇಳೆಗೆ ಯುದ್ಧದ ಆಯುಧ ಬಂದೂಕಾಗಿತ್ತು. ದುರ್ಗದ ಕಥೆಯಲ್ಲಿ ಅತಿ ಹೆಚ್ಚು ಹೆಸರು ಮಾಡಿದ ಆಯುಧ ಬಿಲ್ಲೂ ಅಲ್ಲ, ಬಂದೂಕೂ ಅಲ್ಲ, ಓಬವ್ವನ ಒನಕೆ! ಅದನ್ನು ಯಾರೂ ಆಯುಧವೆಂದು ಮಾಡಿರಲಿಲ್ಲ.

ಯುದ್ಧದಿಂದ ಹೊರಬಿದ್ದ ಬಿಲ್ಲು ಬೇಟೆಯಲ್ಲಿ ಉಳಿಯಿತು. ಅಲ್ಲಿಗೂ ಕಾನೂನು ಬಂತು. 1857ರಲ್ಲಿ ಜನ ತಮ್ಮ ಆಯುಧಗಳನ್ನು ಒಪ್ಪಿಸಬೇಕೆಂದು ಬ್ರಿಟಿಷ್ ಸರ್ಕಾರ ಕಾಯ್ದೆ ಮಾಡಿತು. ಈಗಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು ಕೊಡುವುದಿಲ್ಲವೆಂದರು. ಆ ವರ್ಷದ ನವೆಂಬರ್‌ನಲ್ಲಿ ಸೈನ್ಯ ಊರಿಗೆ ನುಗ್ಗಿ ಬೆಂಕಿ ಇಟ್ಟಿತು. ಸೆರೆಸಿಕ್ಕ ಹಲವರನ್ನು ಗಲ್ಲಿಗೇರಿಸಿದರು. ಆ ದಂಗೆಯ ಲಾವಣಿಯನ್ನು ಫ್ಲೀಟ್ ಸಂಗ್ರಹಿಸಿ 1885ರಲ್ಲಿ ಅಚ್ಚು ಹಾಕಿಸಿದ್ದರಿಂದ ನಮಗೆ ಅದು ಉಳಿದಿದೆ. ಮುಂದೆ 1878ರ ಶಸ್ತ್ರ ಕಾಯ್ದೆ ‘ಆಯುಧ’ ಎಂಬ ಮಾತನ್ನು ವಿವರಿಸುವಾಗ ಬಂದೂಕು, ಕತ್ತಿ, ಭರ್ಜಿಗಳ ಸಾಲಿನಲ್ಲಿ ಬಿಲ್ಲುಬಾಣವನ್ನೂ ಸೇರಿಸಿತು. ಸ್ವತಂತ್ರ ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಬೇಟೆಯನ್ನು ನಿಷೇಧಿಸಿತು. ಅಲ್ಲಿಯೂ ಆಯುಧಗಳ ಪಟ್ಟಿಯಲ್ಲಿ ಬಿಲ್ಲುಬಾಣವಿದೆ. ಕಾಡಿನ ಪ್ರಾಣಿಗಳು ಉಳಿಯಬೇಕಾದರೆ ಆ ಕಾಯ್ದೆ ಬೇಕೇ ಬೇಕಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಒಂದು ಕೈಗೆಲಸ ತನ್ನ ಕೊನೆಯ ಬಳಕೆಯನ್ನೂ ಕಳೆದುಕೊಂಡಿತೆಂಬುದೂ ಅಷ್ಟೇ ನಿಜ. ಬಳಕೆ ಇಲ್ಲದ ವಸ್ತುವನ್ನು ಅಪ್ಪ ಮಗನಿಗೆ ಕಲಿಸುವುದಿಲ್ಲ.

ಇಲ್ಲೇ ಒಂದು ವಿಚಿತ್ರವನ್ನು ಗಮನಿಸಬೇಕು. ಹಲಗಲಿ ಸುಟ್ಟ ನಾಲ್ಕೇ ವರ್ಷದಲ್ಲಿ, 1861ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ಆಯುಧ ಕಾನೂನಿನಿಂದ ಹೊರಗಿಟ್ಟ. ಅದು ಅವರ ನಿಷ್ಠೆಗೆ ಸಂದ ಬಹುಮಾನ. ಕನ್ನಡ ನಾಡಿನ ಒಂದು ಮೂಲೆಯಲ್ಲಿ ಆಯುಧ ಕೊಡದಿದ್ದಕ್ಕೆ ಗಲ್ಲು, ಇನ್ನೊಂದು ಮೂಲೆಯಲ್ಲಿ ಆಯುಧ ಇಟ್ಟುಕೊಳ್ಳಲು ಅಪ್ಪಣೆ. ಆ ಕೊಡಗಿನಲ್ಲೇ ಬಿಲ್ಲನ್ನು ಉಡುಗೊರೆ ಕೊಡುವ ಅತ್ಯಂತ ಚೆಲುವಾದ ಪದ್ಧತಿಯೊಂದು ದಾಖಲಾಗಿದೆ. ಗಂಡು ಮಗು ಹುಟ್ಟಿದ ಕೂಡಲೇ ಹರಳು ಗಿಡದ ಕಡ್ಡಿಯಿಂದ ಪುಟ್ಟ ಬಿಲ್ಲು ಮಾಡಿ, ಅದೇ ಗಿಡದ ಎಲೆಯ ತೊಟ್ಟಿನಿಂದ ಬಾಣ ಮಾಡಿ ಮಗುವಿನ ಕೈಗೆ ಮುಟ್ಟಿಸುತ್ತಿದ್ದರು; ಅಂಗಳದಲ್ಲಿ ಒಂದು ಗುಂಡು ಹಾರಿಸುತ್ತಿದ್ದರು. ರಿಕ್ಟರ್ ಎಂಬಾತ 1870ರಲ್ಲಿ ಪ್ರಕಟಿಸಿದ ಕೊಡಗಿನ ಕೈಪಿಡಿಯಲ್ಲಿ ಇದರ ವಿವರ ಇದೆ.

ಹರಳು ಗಿಡ ನಿಮಗೆ ಹೊಸದಲ್ಲ. ಔಡಲ ಎಂದರೂ ಅದೇ. ಅದರ ಕಾಂಡ ಟೊಳ್ಳು. ಬಗ್ಗಿಸಿದರೆ ಸೊಟ್ಟಗಾಗುತ್ತದೆ, ಇಲ್ಲವೆ ಮುರಿಯುತ್ತದೆ. ಅದರಲ್ಲಿ ಬಾಣ ಬಿಡಲು ಆಗದೆಂದು ಆ ಬೇಟೆಗಾರ ಮನೆತನಗಳಿಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಆದರೆ ಅಂದು ಹುಟ್ಟಿದ ಕೂಸಿನ ಮುಷ್ಟಿಯಲ್ಲಿ ನಿಲ್ಲುವ ಬಿಲ್ಲು ಅದೊಂದೇ. ಆ ತೋಳಿಗೆ ಆ ಬಿಲ್ಲು ಸರಿ. ಗೆಳೆಯನಿಗೆ ಬಿಲ್ಲು ಮಾಡಹೊರಟ ಹುಡುಗ ತಿಳಿಯಬೇಕಾದ ಮುಖ್ಯ ಸಂಗತಿ ಇದೇ ಎಂದು ನನ್ನ ಅಭಿಪ್ರಾಯ. ಪೆನ್ನನ್ನೋ ಗಡಿಯಾರವನ್ನೋ ಯಾರಿಗಾದರೂ ಕೊಡಬಹುದು. ಬಿಲ್ಲನ್ನು ಹಾಗೆ ಮಾಡಲು ಬರುವುದಿಲ್ಲ. ಅದು ಒಬ್ಬನ ಎತ್ತರಕ್ಕೆ, ಒಬ್ಬನ ತೋಳಿಗೆ, ಒಬ್ಬನ ಬಲಕ್ಕೆ ಆಗುವ ವಸ್ತು.

ಇದು ನಾನು ಕಟ್ಟಿ ಹೇಳುವ ಮಾತಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಅಳತೆಗಳ ಅಧ್ಯಾಯ ನೋಡಿ. ನಾಲ್ಕು ಮೊಳದ ಅಳತೆಗೆ ಅಲ್ಲಿ ‘ಧನುಸ್ಸು’ ಎಂದು ಹೆಸರು. ಅದೇ ಅಳತೆಗೆ ‘ಪೌರುಷ’ ಎಂಬುದೂ ಹೆಸರು. ಬಿಲ್ಲಿನ ಉದ್ದವೂ ಆಳಿನ ಅಳತೆಯೂ ಒಂದೇ ಎಂದಾಯಿತು. ಅಲೆಕ್ಸಾಂಡರನ ಜೊತೆ ಬಂದಿದ್ದ ನಿಯಾರ್ಕಸ್ ಕಂಡದ್ದೂ ಇದನ್ನೇ. ಭಾರತದ ಕಾಲಾಳುಗಳ ಬಿಲ್ಲು ಹಿಡಿದವನಷ್ಟೇ ಉದ್ದ, ಅದನ್ನು ನೆಲಕ್ಕೂರಿ ಎಡಗಾಲಿನಿಂದ ಒತ್ತಿ ಹಿಡಿದು ಹೆದೆ ಎಳೆಯುತ್ತಾರೆ ಎಂದು ಅವನು ಹೇಳಿದ್ದನ್ನು ಏರಿಯನ್ ಉಳಿಸಿಕೊಟ್ಟಿದ್ದಾನೆ. ನಮ್ಮ ಮಹಾಭಾರತದಲ್ಲಿ ಗಾಂಡೀವದ ಕಥೆಯೂ ಉಡುಗೊರೆಯ ಕಥೆಯೇ. ಖಾಂಡವ ವನ ಸುಡುವ ಮುನ್ನ ಅಗ್ನಿ ಅದನ್ನು ವರುಣನಿಂದ ತರಿಸಿ ಅರ್ಜುನನಿಗೆ ಕೊಡಿಸಿದ. ಕೃಷ್ಣ ಹೋದ ಮೇಲೆ, ದಾರಿಯಲ್ಲಿ ಕಳ್ಳರು ಅಡ್ಡಗಟ್ಟಿದಾಗ, ಅದೇ ಅರ್ಜುನ ಅದೇ ಬಿಲ್ಲಿಗೆ ಹೆದೆ ಏರಿಸಲು ತಿಣುಕಾಡಿದ. ಬಿಲ್ಲು ಬದಲಾಗಿರಲಿಲ್ಲ. ತೋಳು ಬದಲಾಗಿತ್ತು. ಕೊನೆಗೆ ಅಗ್ನಿಯೇ ಬಂದು ಕೇಳಿ, ಅದನ್ನು ನೀರಿಗೆ ಹಾಕಿಸಿ ವರುಣನಿಗೆ ಹಿಂದಿರುಗಿಸಿದ.

ಇನ್ನು ಕೆಲಸದ ಮಾತಿಗೆ ಬರೋಣ.

ಮೊದಲು ಗೆಳೆಯನನ್ನು ಅಳೆಯಬೇಕು. ಎರಡೂ ತೋಳು ಚಾಚಿ ನಿಲ್ಲಿಸಿ, ಒಂದು ಕೈಯ ಬೆರಳ ತುದಿಯಿಂದ ಇನ್ನೊಂದರ ತುದಿಗೆ ಅಳತೆ ಹಿಡಿಯಿರಿ. ನಾವು ಹಗ್ಗ ಅಳೆಯುವ ಮಾರು ಅದೇ. ಬಂದ ಇಂಚುಗಳನ್ನು ಎರಡೂವರೆಯಿಂದ ಭಾಗಿಸಿದರೆ ಅವನು ಹೆದೆಯನ್ನು ಎಷ್ಟು ದೂರ ಎಳೆಯುತ್ತಾನೆಂಬುದು ಸುಮಾರಾಗಿ ಸಿಗುತ್ತದೆ. ಮಾರು 65 ಇಂಚಿದ್ದರೆ ಎಳೆತ 26 ಇಂಚು. ಒಂದೇ ಮರದಲ್ಲಿ ಮಾಡುವ ಬಿಲ್ಲು ಎಳೆತದ ಎರಡರಷ್ಟಕ್ಕಿಂತ ಹತ್ತು ಹನ್ನೆರಡು ಇಂಚಾದರೂ ಹೆಚ್ಚಿರಬೇಕು. ಅಂದರೆ 62ರಿಂದ 64 ಇಂಚು. ಹೆಚ್ಚುಕಡಿಮೆ ಆ ಹುಡುಗನ ಎತ್ತರಕ್ಕೇ ಬಂತು, ನೋಡಿ. ಗಿಡ್ಡ ಬಿಲ್ಲು ನೋಡಲು ಚಂದ, ಆದರೆ ಅಷ್ಟೇ ಎಳೆತಕ್ಕೆ ಹೆಚ್ಚು ಬಾಗಬೇಕಾದ್ದರಿಂದ ಮುರಿಯುವ ಭಯ ಹೆಚ್ಚು. ಗೆಳೆಯ ಎಡಚನೋ ಬಲಚನೋ ಕೇಳಿಕೊಳ್ಳಿ. ಹಿಡಿಯುವ ಜಾಗದ ದಪ್ಪಕ್ಕೆ ಅವನ ಮುಷ್ಟಿ ನೋಡಿಕೊಳ್ಳಿ, ನಿಮ್ಮದನ್ನಲ್ಲ. ಇಷ್ಟೆಲ್ಲ ಅಳೆದ ಮೇಲೆ ಉಡುಗೊರೆ ಗುಟ್ಟಾಗಿ ಉಳಿಯುವುದಿಲ್ಲ ಎನ್ನುವಿರಾ? ಉಳಿಯದಿದ್ದರೆ ಬೇಡ.

ಎರಡನೆಯದು ಮರ. ಕೌಟಿಲ್ಯ ತಾಳೆ, ಬಿದಿರು, ಮರ, ಕೊಂಬು ಎಂದು ನಾಲ್ಕು ಬಗೆಯ ಬಿಲ್ಲುಗಳನ್ನು ಹೇಳಿದ್ದಾನೆ. ಮಲೆನಾಡಿನ ಅಂಚಿನಲ್ಲಿ ಬೆಳೆಯುವ ತಡಸಲು ಮರ ಬಾಗಿ ಮತ್ತೆ ನೆಟ್ಟಗಾಗುವ ಗುಣಕ್ಕೆ ಹೆಸರಾದದ್ದು. ಗಾಡಿಯ ಮೂಕಿಗೆ, ಕೊಡಲಿಯ ಕಾವಿಗೆ, ಬಿಲ್ಲಿಗೆ ಅದನ್ನು ಬಳಸುತ್ತಿದ್ದರು. ಸಂಸ್ಕೃತದಲ್ಲಿ ಆ ಮರದ ಹೆಸರೇ ಧನ್ವನ. ನಮ್ಮ ಹಿರಿಯೂರಿನ ಜಾಲಿ ಬೇವುಗಳ ಸೀಮೆಯಲ್ಲಿ ಅದನ್ನು ಹುಡುಕುವ ಬದಲು ಬಿದಿರಿಗೆ ಬರುವುದು ಜಾಣತನ. ಕಾಡಿಗೆ ನುಗ್ಗಿ ಮರ ಕಡಿಯುವ ಮಾತು ಬೇಡವೇ ಬೇಡ. ಮೇದರ ಹತ್ತಿರ ಹೋಗಿ. ಬುಟ್ಟಿ, ಮೊರ, ಏಣಿ ಮಾಡುವ ಅವರಿಗೆ ಯಾವ ಬಿದಿರು ಬಲಿತದ್ದು, ಯಾವುದು ಎಳಸು ಎಂಬುದು ಕೈ ಮುಟ್ಟಿದರೆ ತಿಳಿಯುತ್ತದೆ. ಬಿಲ್ಲಿಗೆ ಬೇಕಾದದ್ದು ಒಳಗಿನ ಟೊಳ್ಳು ಕಡಿಮೆ ಇರುವ ಗಟ್ಟಿ ಬಿದಿರು, ಮೂರು ವರ್ಷಕ್ಕೆ ಕಡಿಮೆಯಿಲ್ಲದ್ದು, ಬುಡದ ಕಡೆಯ ತುಂಡು.

ಬಿದಿರನ್ನು ಸೀಳಬೇಕೇ ಹೊರತು ಗರಗಸದಲ್ಲಿ ಕೊಯ್ಯಬಾರದು. ಗರಗಸಕ್ಕೆ ನಾರಿನ ಎಳೆ ಎತ್ತ ಹೋಗುತ್ತಿದೆ ಎಂಬ ಪರಿವೆ ಇಲ್ಲ, ಅಡ್ಡ ಬಂದರೆ ಕತ್ತರಿಸಿಬಿಡುತ್ತದೆ. ಮಚ್ಚಿಟ್ಟು ಸೀಳಿದರೆ ಎಳೆಯ ದಾರಿಯಲ್ಲೇ ಬಿಡುತ್ತದೆ. ಎರಡು ಇಂಚು ಅಗಲದ ಪಟ್ಟಿ ಸಾಕು. ಅದನ್ನು ನೆರಳಿನಲ್ಲಿ, ಗಾಳಿಯಾಡುವಲ್ಲಿ, ಒಂದೆರಡು ತಿಂಗಳು ಒಣಗಲು ಬಿಡಿ. ಬಿಸಿಲಿಗಿಟ್ಟರೆ ಬೇಗ ಒಣಗುತ್ತದೆ, ಬೇಗ ಬಿರಿಯುತ್ತದೆ. ಹಸಿಯಲ್ಲೇ ಕೆತ್ತಿದರೆ ಬಾಗಿದ ಬಿಲ್ಲು ಬಾಗಿಯೇ ಉಳಿಯುತ್ತದೆ. ಹುಟ್ಟುಹಬ್ಬ ಮುಂದಿನ ವಾರ ಎನ್ನುವವರು ಬೇರೆ ಉಡುಗೊರೆ ಯೋಚಿಸುವುದು ಒಳ್ಳೆಯದು.

ಈಗ ಒಂದು ನಿಯಮ. ಇದನ್ನು ತಪ್ಪಿದರೆ ಮಿಕ್ಕಿದ್ದೆಲ್ಲ ವ್ಯರ್ಥ. ಬಿದಿರಿನ ಹೊರಸಿಪ್ಪೆಯ ಕಡೆ ನಾರು ಅತಿ ಒತ್ತಾಗಿರುತ್ತದೆ. ಬಿಲ್ಲನ್ನು ಎಳೆದಾಗ ಗುರಿಯ ಕಡೆಗಿರುವ ಬೆನ್ನು ಹಿಗ್ಗುತ್ತದೆ, ಎಳೆಯುವವನ ಕಡೆಗಿರುವ ಹೊಟ್ಟೆ ಕುಗ್ಗುತ್ತದೆ. ಹಿಗ್ಗುವ ಬೆನ್ನಿಗೆ ಆ ಹೊರಸಿಪ್ಪೆ ಇರಬೇಕು, ಅದರ ಮೇಲೆ ಮಚ್ಚು ಆಡಿಸಬಾರದು. ಗೆಣ್ಣಿನ ಉಬ್ಬನ್ನು ಹಗುರಾಗಿ ನಯ ಮಾಡಿದರೆ ಸಾಕು. ಬೆನ್ನಿನಲ್ಲಿ ಎಲ್ಲಿ ಎಳೆ ತುಂಡಾಗಿದೆಯೋ ಅಲ್ಲಿಂದಲೇ ಬಿಲ್ಲು ಸಿಡಿಯುತ್ತದೆ, ಅದೂ ಪೂರಾ ಎಳೆದು ಹಿಡಿದ ಹೊತ್ತಿನಲ್ಲಿ, ಮುಖದ ಮುಂದೆ. ಕೆತ್ತುವುದೆಲ್ಲ ಹೊಟ್ಟೆಯ ಕಡೆಯಿಂದ. ನಡುವೆ ಹಿಡಿಯ ಜಾಗ ದಪ್ಪ, ಅಲ್ಲಿಂದ ಎರಡೂ ಕೊಪ್ಪಿನ ಕಡೆಗೆ ಸಮನಾಗಿ ತೆಳುವಾಗುತ್ತ ಹೋಗಬೇಕು.

ಹದ ಮಾಡುವುದು ಇದರಲ್ಲಿ ದೊಡ್ಡ ಕೆಲಸ. ಕೆತ್ತುವುದು ಒಂದು ದಿನದ ಮಾತಾದರೆ ಇದು ಹಲವು ದಿನದ್ದು. ಬಿಲ್ಲಿನ ಹಿಡಿಯನ್ನು ಗೋಡೆಯ ಗೂಟಕ್ಕೆ ಸಿಕ್ಕಿಸಿ, ಉದ್ದನೆಯ ಸಡಿಲ ಹುರಿ ಕಟ್ಟಿ, ಕೆಳಗಿನಿಂದ ಸ್ವಲ್ಪ ಸ್ವಲ್ಪವೇ ಎಳೆದು ದೂರ ನಿಂತು ನೋಡಬೇಕು. ಎರಡು ತೋಳೂ ಒಂದೇ ಬಗೆಯಲ್ಲಿ ಬಾಗುತ್ತಿವೆಯೆ? (ಬಿಲ್ಲಿನ ಅರ್ಧಕ್ಕೂ ತೋಳು ಎಂದೇ ಹೇಳುತ್ತಿದ್ದೇನೆ.) ಎಲ್ಲಿ ಬಾಗದೆ ಸೆಟೆದಿದೆಯೋ ಅಲ್ಲಿ ಹೆರೆಯಬೇಕು. ಎಲ್ಲಿ ಹೆಚ್ಚು ಬಾಗಿದೆಯೋ ಆ ಜಾಗವನ್ನು ಮುಟ್ಟಬಾರದು. ಮಚ್ಚು ಬದಿಗಿಟ್ಟು ಗಾಜಿನ ಚೂರಿನಿಂದಲೋ ಅರದಿಂದಲೋ ನಾಲ್ಕು ಸಲ ಎಳೆದು, ಮತ್ತೆ ಗೂಟಕ್ಕೆ ಹಾಕಿ, ಇಪ್ಪತ್ತು ಮೂವತ್ತು ಸಲ ಎಳೆದು ಬಿಟ್ಟು, ಮತ್ತೆ ನೋಡಬೇಕು. ಹೆರೆದದ್ದನ್ನು ಮರಳಿ ಅಂಟಿಸಲು ಬರುವುದಿಲ್ಲವಲ್ಲ. ಮೊದಲ ದಿನ ಹತ್ತು ಇಂಚು ಎಳೆದರೆ ಮರುದಿನ ಹನ್ನೆರಡು. ಗೆಳೆಯನ ಎಳೆತ 26 ಇಂಚಾದರೆ ಅದನ್ನು ದಾಟಿ ಒಂದು ಇಂಚೂ ಎಳೆಯಬೇಡಿ.

ಆ 26ನೆಯ ಇಂಚಿಗೆ ಅದು ಎಷ್ಟು ಬಲ ಕೇಳಬೇಕು? ಹುರಿಯ ನಡುವಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಹಾಕಿ ಎಳೆದರೆ ಲೆಕ್ಕ ಸಿಗುತ್ತದೆ. ಬಿಲ್ಲುಗಾರರು ಇದನ್ನು ಇಂದಿಗೂ ಪೌಂಡಿನಲ್ಲೇ ಹೇಳುತ್ತಾರೆ. ಹೊಸದಾಗಿ ಕಲಿಯುವವನಿಗೆ 20ರಿಂದ 25 ಪೌಂಡು, ಅಂದರೆ ಸುಮಾರು 9ರಿಂದ 11 ಕಿಲೊ ಸಾಕು. ಹೆಚ್ಚಿನವರು ಎಡವುವುದು ಇಲ್ಲೇ. ಮಾಡುವವನಿಗೆ ತನ್ನ ಬಿಲ್ಲು ಬಲವಾಗಿರಲಿ ಎಂಬ ಹುಮ್ಮಸ್ಸು. ಪಡೆದವನು ಗೆಳೆತನಕ್ಕಾಗಿ ಹಲ್ಲುಕಚ್ಚಿ ಎಳೆದು, ಭುಜ ನೋಯಿಸಿಕೊಂಡು, ಆಮೇಲೆ ಅದನ್ನು ಗೋಡೆಗೆ ನೇತುಹಾಕುತ್ತಾನೆ. ಎಳೆದು ಹಿಡಿದು ಗುರಿ ನೋಡುವಷ್ಟು ಹೊತ್ತು ಕೈ ನಡುಗದೆ ನಿಲ್ಲುವಂತಿದ್ದರೆ ಅದೇ ಸರಿಯಾದ ಬಲ. ನಡುಗಿದರೆ ಇನ್ನಷ್ಟು ಹೆರೆಯಿರಿ.

ಹೆದೆಗೆ ಬಂದರೆ, ಇಲ್ಲಿ ನಿಮ್ಮ ಊರಿನ ನೆಲವೇ ಶ್ರೀಮಂತ. ಕೌಟಿಲ್ಯ ಹೇಳಿದ ಹೆದೆಯ ವಸ್ತುಗಳಲ್ಲಿ ಮೂರ್ವಾ, ಸೆಣಬು, ಬಿದಿರು, ನರಗಳ ಜೊತೆ ಎಕ್ಕವೂ ಇದೆ. ರಥಸಪ್ತಮಿಯ ದಿನ ತಲೆ ಮೇಲಿಟ್ಟು ಸ್ನಾನ ಮಾಡುವ ಎಲೆಯ ಎಕ್ಕವೇ ಅದು. ಬೇಲಿಯ ಬದಿಯಲ್ಲಿ, ಬೀಳು ಬಿದ್ದ ಹೊಲದಲ್ಲಿ ಯಾರೂ ಕೇಳದೆ ಬೆಳೆದು ನಿಂತಿರುತ್ತದೆ. ಅದರ ಉದ್ದನೆಯ ಕಡ್ಡಿಗಳನ್ನು ಕೊಯ್ದು ಒಣಗಿಸಿ, ಜಜ್ಜಿ, ಸಿಪ್ಪೆ ಸುಲಿದರೆ ಬಿಳಿಯ, ನಯವಾದ, ಗಟ್ಟಿ ನಾರು ಬರುತ್ತದೆ. ಪುಂಡಿಯಂತೆ ಇದನ್ನು ನೀರಿನಲ್ಲಿ ಕೊಳೆಹಾಕುವುದಿಲ್ಲ. ತೊಡೆಯ ಮೇಲೆ ಹೊಸೆದು ಎಳೆಗೆ ಎಳೆ ಸೇರಿಸಿ ಹುರಿ ಮಾಡಬೇಕು. ಎಕ್ಕದ ಹಾಲು ಕಣ್ಣಿಗೆ ತಾಗದಂತೆ ಜೋಪಾನ, ಕಣ್ಣಿಗೆ ಅಪಾಯ. ದಿನವೂ ಅಭ್ಯಾಸಕ್ಕೆ ಬೇಕೆಂದರೆ ನೈಲಾನಿಗಿಂತ ಹಿಗ್ಗುವುದು ಕಡಿಮೆಯಿರುವ ಪಾಲಿಯೆಸ್ಟರ್ ಹುರಿಯೇ ಒಳ್ಳೆಯದು. ಆದರೂ ಉಡುಗೊರೆಯ ಜೊತೆ ಎಕ್ಕದ ಹೆದೆಯೊಂದನ್ನು ಸುರುಳಿ ಸುತ್ತಿ ಇಟ್ಟರೆ ಏನು ನಷ್ಟ? ಹೆದೆ ಏರಿಸಿದಾಗ ಹಿಡಿಗೂ ಹೆದೆಗೂ ನಡುವೆ, ಮುಷ್ಟಿ ಹಿಡಿದು ಹೆಬ್ಬೆರಳು ನಿಲ್ಲಿಸಿದಷ್ಟು ಅಂತರವಿರಲಿ.

ಇಷ್ಟು ಕಷ್ಟಪಟ್ಟು ಮಾಡಿದ್ದನ್ನು ಗೆಳೆಯ ಎಲ್ಲಿ ಬಳಸಬೇಕು ಎಂದು ನೀವು ಕೇಳಬಹುದು. ಬೇಟೆಗಲ್ಲ, ಅದು ಅಪರಾಧ. ನಮ್ಮ ದೇಶದ ಬಿಲ್ವಿದ್ಯಾ ಸ್ಪರ್ಧೆಗಳಲ್ಲಿ ‘ಇಂಡಿಯನ್ ರೌಂಡ್’ ಎಂಬ ವಿಭಾಗವಿದೆ. ಬಿದಿರು, ಮರದ ಬಿಲ್ಲುಗಳಿಗೇ ಮೀಸಲಾದ ವಿಭಾಗ ಅದು. ಮೂವತ್ತು ಮತ್ತು ಐವತ್ತು ಮೀಟರ್ ದೂರಕ್ಕೆ ಬಾಣ ಬಿಡುತ್ತಾರೆ. ಒಲಿಂಪಿಕ್ಸ್‌ನಲ್ಲಿ ಬಳಸುವ ಬಿಲ್ಲನ್ನು ಸಲಕರಣೆ ಸಮೇತ ಕೊಳ್ಳಲು ಹೋದರೆ ಲಕ್ಷ ರೂಪಾಯಿ ದಾಟುತ್ತದೆ. ಹಳ್ಳಿಯ ಮಕ್ಕಳು ಈ ಆಟದ ಬಾಗಿಲು ದಾಟಿ ಒಳಗೆ ಬರುವುದು ಬಿದಿರಿನ ಬಿಲ್ಲು ಹಿಡಿದೇ. ರಾಜಸ್ಥಾನದ ಉದಯಪುರದ ಕಡೆಯ ಆದಿವಾಸಿ ಹುಡುಗ ಲಿಂಬಾರಾಮ್ ಬಂದದ್ದು ಹಾಗೆ. ಬಿದಿರಿನ ಬಿಲ್ಲಿನಲ್ಲಿ ಕೈ ಪಳಗಿಸಿಕೊಂಡಿದ್ದ ಆತ 1988ರಲ್ಲಿ ಸೋಲ್ ಒಲಿಂಪಿಕ್ಸ್‌ಗೆ ಹೋದ. 1992ರಲ್ಲಿ ಬೀಜಿಂಗ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಮೂವತ್ತು ಮೀಟರ್ ದೂರಕ್ಕೆ 360ಕ್ಕೆ 358 ಅಂಕ ಗಳಿಸಿ ವಿಶ್ವದಾಖಲೆ ಸರಿಗಟ್ಟಿದ. ಹೆಣ್ಣುಮಕ್ಕಳಿಗೂ ಒಂದು ಮಾತು. ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಬಿಲ್ಲು ಹಿಡಿದು ನಿಂತ ಬೇಟೆಗಾರ್ತಿಯೂ ಇದ್ದಾಳೆ. ಗೆಳತಿಗೆ ಬಿಲ್ಲು ಮಾಡುವವರಿಗೆ ಮೇಲೆ ಹೇಳಿದ ಅಳತೆಯೇ ಅಳತೆ, ಬೇರೆಯೇನೂ ಇಲ್ಲ.

ಕೊಡುವ ದಿನ ಬಿಲ್ಲಿಗೆ ಹೆದೆ ಏರಿಸಿಕೊಂಡು ಹೋಗಬೇಡಿ. ಬಳಸದ ಹೊತ್ತಿನಲ್ಲಿ ಹೆದೆ ಇಳಿಸಿಯೇ ಇಡಬೇಕು, ಇಲ್ಲವಾದರೆ ಮರ ಬಾಗಿಕೊಂಡು ಬಲ ಕಳೆದುಕೊಳ್ಳುತ್ತದೆ. ಬಿಸಿಲಿನಲ್ಲಿ, ಒಲೆಯ ಹತ್ತಿರ, ಗೋಡೆಗೆ ಆನಿಸಿ ಇಡಬಾರದು. ಎರಡು ಗೂಟದ ಮೇಲೆ ಅಡ್ಡಲಾಗಿ ಮಲಗಿಸಬೇಕು. ವರ್ಷಕ್ಕೆ ಎರಡು ಸಲ ಅಗಸೆ ಎಣ್ಣೆ ಸವರಿದರೆ ಸಾಕು. ಬಾಣ ಹೂಡದೆ ಹೆದೆ ಎಳೆದು ಬಿಡಬಾರದೆಂದು ಗೆಳೆಯನಿಗೆ ಒತ್ತಿ ಹೇಳಿ. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಬಿಲ್ಲಿಗೇ ತಿರುಗಿ ಅದು ಸೀಳಿಹೋಗುತ್ತದೆ. ಮೊದಲ ಸಲ ಹೆದೆಯನ್ನು ಅವನೇ ಏರಿಸಲಿ. ಏರಿಸಿ ಅರ್ಧ ಎಳೆದು ನಿಂತಾಗ ನೀವು ಪಕ್ಕಕ್ಕೆ ಬಂದು ಎರಡು ತೋಳುಗಳ ಬಾಗು ನೋಡಿ. ಕೆಳಗಿನದು ಇನ್ನೂ ಸೆಟೆದುಕೊಂಡಿದ್ದರೆ ಇಳಿಸಿ, ಅರವನ್ನು ಜೊತೆಗೇ ಒಯ್ದಿರಿ.